ತಲೆ ಮನೇಲಿಟ್ಟು ಬರಬೇಡಿ

ಕಾಮಿಡಿ ಸಿನಿಮಾ ಬಿಡುಗಡೆಯಾಗುವ ವಾರ ಎರಡು ಮಾತು ತಪ್ಪದೆ ಕಿವಿಗೆ ಬೀಳುತ್ತವೆ. ಒಂದು, ‘ತಲೆ ಮನೇಲಿಟ್ಟು ಬನ್ನಿ, ಎರಡು ಗಂಟೆ ನಕ್ಕು ಹೋಗಿ.’ ಇನ್ನೊಂದು, ‘ನಗು ಆರೋಗ್ಯಕ್ಕೆ ಒಳ್ಳೇದು ಸಾರ್, ಈ ಟೆನ್ಷನ್ ಕಾಲದಲ್ಲಿ ಜನಕ್ಕೆ ಬೇಕಾಗಿರೋದೇ ಅದು.’ ಇವೆರಡೂ ಸೇರಿದರೆ ಭದ್ರವಾದ ಕೋಟೆ. ಸಿನಿಮಾ ಚೆನ್ನಾಗಿಲ್ಲ ಅಂದ್ರೆ, ‘ನೀವು ತಲೆ ತಂದಿದ್ರಿ, ಅದಕ್ಕೇ’ ಅಂತಾರೆ. ಜೋಕು ಕೀಳಾಗಿತ್ತು ಅಂದ್ರೆ, ‘ಅಷ್ಟೊಂದು ಸೀರಿಯಸ್ ಆಗ್ಬೇಡಿ, ಬಿಪಿ ಬರುತ್ತೆ’ ಅಂತಾರೆ. ವಿಮರ್ಶೆಯಿಂದ ಇಷ್ಟು ಸುಲಭವಾಗಿ ಪಾರಾಗುವ ಇನ್ನೊಂದು ಸರಕು ನಮ್ಮ ಮನರಂಜನೆಯ ಸಂತೆಯಲ್ಲಿಲ್ಲ.

ನಗು ಒಳ್ಳೆಯದಲ್ಲ ಅಂತ ನಾನು ವಾದಿಸೋಕೆ ಹೊರಟಿಲ್ಲ. ಅಷ್ಟೊಂದು ಗಂಟುಮುಖದವನೂ ಅಲ್ಲ. ನನ್ನ ತಕರಾರು ನಗುವನ್ನು ಮಾತ್ರೆಯ ಹಾಗೆ ಎಣಿಸಿ ಮಾರುವುದರ ಬಗ್ಗೆ. ದಿನಕ್ಕೆ ಇಷ್ಟು ನಗಬೇಕು, ನಕ್ಕರೆ ಸಾಕು, ಯಾವುದಕ್ಕಾದರೂ ಸರಿ ಅನ್ನುವಾಗ ಎರಡು ಪ್ರಶ್ನೆ ಕಳೆದುಹೋಗುತ್ತವೆ. ಯಾವುದಕ್ಕೆ ನಗ್ತಾ ಇದ್ದೀವಿ? ಯಾರ ಜೊತೆ ನಗ್ತಾ ಇದ್ದೀವಿ?

ನಗುವಿನ ಪರವಾಗಿ ವಿಜ್ಞಾನವನ್ನು ಕರೆಯುವವರು ಸಾಮಾನ್ಯವಾಗಿ ಶುರು ಮಾಡುವುದು ನಾರ್ಮನ್ ಕಸಿನ್ಸ್ ಎಂಬ ಅಮೆರಿಕನ್ ಪತ್ರಿಕಾ ಸಂಪಾದಕನಿಂದ. 1964ರಲ್ಲಿ ಈತನಿಗೆ ಮೈಕೀಲುಗಳೆಲ್ಲ ಹಿಡಿದುಕೊಳ್ಳುವ, ತೀವ್ರ ನೋವಿನ ಕಾಯಿಲೆ ಬಂತು. ಆಸ್ಪತ್ರೆ ಬಿಟ್ಟು ಹೋಟೆಲ್ ರೂಮಿಗೆ ಹೋದ. ಮಾರ್ಕ್ಸ್ ಸಹೋದರರ ಹಾಸ್ಯ ಚಿತ್ರಗಳನ್ನು ತರಿಸಿಕೊಂಡು ನೋಡಿದ. ಹತ್ತು ನಿಮಿಷ ಹೊಟ್ಟೆ ತುಂಬ ನಕ್ಕರೆ ಎರಡು ಗಂಟೆ ನೋವಿಲ್ಲದ ನಿದ್ದೆ ಬರ್ತಿತ್ತು ಅಂತ 1976ರಲ್ಲಿ ಬರೆದ. ಚೆಂದದ ಕತೆ. ಆದರೆ ಆತ ಅದೇ ಹೊತ್ತಿನಲ್ಲಿ ದೊಡ್ಡ ಪ್ರಮಾಣದಲ್ಲಿ ವಿಟಮಿನ್ ಸಿ ಕೂಡ ತೆಗೆದುಕೊಳ್ಳುತ್ತಿದ್ದ. ಒಬ್ಬ ಮನುಷ್ಯನ ಅನುಭವದಿಂದ ಊರಿಗೆಲ್ಲ ಔಷಧ ಬರೆಯೋಕಾಗಲ್ಲ.

ನನಗೆ ಇದಕ್ಕಿಂತ ಹಿಡಿಸಿದ್ದು ರಾಬರ್ಟ್ ಪ್ರೊವೈನ್ ಎಂಬ ನರವಿಜ್ಞಾನಿಯ ಕೆಲಸ. ಆತ ಜನ ಯಾವಾಗ ನಗ್ತಾರೆ ಅಂತ ಸುಮ್ಮನೆ ನಿಂತು ಗಮನಿಸಿದ. ಒಬ್ಬರೇ ಇರುವಾಗಿಗಿಂತ ಇನ್ನೊಬ್ಬರ ಜೊತೆಗಿರುವಾಗ ಸುಮಾರು ಮೂವತ್ತು ಪಟ್ಟು ಹೆಚ್ಚು ನಗ್ತೀವಂತೆ. ಅದರಲ್ಲೂ ಹೆಚ್ಚಿನ ನಗು ಜೋಕಿಗಲ್ಲ, ‘ಸರಿ, ಸಿಗೋಣ’, ‘ಎಲ್ಲಿಗೆ ಹೊರಟೆ?’ ಥರದ ಮಾಮೂಲಿ ಮಾತಿಗೆ. 2011ರಲ್ಲಿ ಆಕ್ಸ್‌ಫರ್ಡಿನ ರಾಬಿನ್ ಡನ್ಬರ್ ಮತ್ತು ಸಂಗಡಿಗರು ಇನ್ನೊಂದು ಪ್ರಯೋಗದ ಫಲ ಪ್ರಕಟಿಸಿದರು. ಜನರಿಗೆ ಮಿಸ್ಟರ್ ಬೀನ್ ಥರದ ಕಾಮಿಡಿ ತೋರಿಸಿ ಆಮೇಲೆ ನೋವು ತಡೆಯುವ ಶಕ್ತಿ ಅಳೆದರು. ಹೋಲಿಕೆಗೆ ಇನ್ನು ಕೆಲವರಿಗೆ ಗಾಲ್ಫ್ ಸಾಕ್ಷ್ಯಚಿತ್ರದಂಥವನ್ನು ತೋರಿಸಿದರು. ಒಟ್ಟಿಗೆ ಕೂತು ಗಟ್ಟಿಯಾಗಿ ನಕ್ಕವರಿಗೆ ನೋವು ತಡೆಯುವ ಶಕ್ತಿ ಹೆಚ್ಚಿತ್ತು. ಗಾಲ್ಫ್ ನೋಡಿದವರ ಪಾಡು ಬಿಡಿ. ಗಮನಿಸಬೇಕಾದ ಪದ ‘ಒಟ್ಟಿಗೆ’. ನಗುವಿನ ಲಾಭದ ದೊಡ್ಡ ಪಾಲು ಬರೋದು ಪಕ್ಕದಲ್ಲಿ ಕೂತವರಿಂದ.

ಹಾಗಾದರೆ ಕಾಮಿಡಿಯ ಕೆಲಸ ಏನು? ಹತ್ತು ಜನರನ್ನು ಒಂದೇ ಕಡೆ ನೋಡುವ ಹಾಗೆ ಮಾಡೋದು. ಎಲ್ಲರಿಗೂ ಗೊತ್ತಿರುವ, ಆದರೆ ಯಾರೂ ಬಾಯಿಬಿಡದ ಒಂದು ಕಷ್ಟವನ್ನು ಮಧ್ಯದಲ್ಲಿ ತಂದಿಡೋದು. ಚಾಪ್ಲಿನ್‌ನ ‘ಮಾಡರ್ನ್ ಟೈಮ್ಸ್’ (1936) ನೆನಪಿಸಿಕೊಳ್ಳಿ. ಕಾರ್ಖಾನೆಗೆ ಒಬ್ಬ ಸಂಶೋಧಕ ಊಟ ಮಾಡಿಸುವ ಯಂತ್ರ ತರುತ್ತಾನೆ. ಕೆಲಸಗಾರ ನಿಂತಲ್ಲೇ ಊಟ ಮಾಡಿದರೆ ಲಂಚ್ ಬ್ರೇಕ್ ಬೇಕಿಲ್ಲ, ಕಂಪನಿಗೆ ಲಾಭ. ಪ್ರಯೋಗಕ್ಕೆ ಸಿಕ್ಕವನು ಚಾಪ್ಲಿನ್. ಯಂತ್ರ ಕೆಟ್ಟು ಸೂಪು ಎದೆ ಮೇಲೆ ಸುರಿಯುತ್ತೆ, ಜೋಳದ ತೆನೆ ಮೂಗನ್ನು ಉಜ್ಜುತ್ತೆ, ಕಬ್ಬಿಣದ ನಟ್ಟುಗಳು ಬಾಯಿಗೆ ಹೋಗುತ್ತವೆ. ಲ್ಯಾಪ್‌ಟಾಪ್ ಎದುರು ಒಂದು ಕೈಯಲ್ಲಿ ಚಿತ್ರಾನ್ನ, ಇನ್ನೊಂದು ಕೈಯಲ್ಲಿ ಮೌಸ್ ಹಿಡಿದು, ಕಾಲ್ ಮ್ಯೂಟ್ ಮಾಡಿ ಅಗಿಯುವ ನಮಗೆ ಆ ಯಂತ್ರದ ಪರಿಚಯ ಬೇರೆ ಮಾಡಿಕೊಡಬೇಕಾ? ಇಷ್ಟು ವರ್ಷ ಆದರೂ ಆ ದೃಶ್ಯಕ್ಕೆ ನಗು ಬರೋದು ಅದು ತಲೆ ಬಿಟ್ಟು ಬನ್ನಿ ಅನ್ನಲ್ಲ ಅನ್ನೋ ಕಾರಣಕ್ಕೆ. ತಲೆ ಇದ್ದರೇ ಅದು ಹೆಚ್ಚು ತಮಾಷೆ.

ನಮ್ಮಲ್ಲಿ ಈ ಕೆಲಸವನ್ನು ಸಲೀಸಾಗಿ ಮಾಡಿದ ಚಿತ್ರ ಫಣಿ ರಾಮಚಂದ್ರರ ‘ಗಣೇಶನ ಮದುವೆ’ (1990). ಟಿವಿಯಲ್ಲಿ ಯಾವಾಗ ಬಂದರೂ ಮನೆಯವರು ರಿಮೋಟ್ ಕೆಳಗಿಡುವ ಚಿತ್ರ. ಕತೆ ನಿಮಗೆ ಗೊತ್ತು. ಬೆಂಗಳೂರಿನ ಒಂದು ವಠಾರ, ಬಾಡಿಗೆದಾರ ಅನಂತನಾಗ್, ಓನರ್ ಮುಖ್ಯಮಂತ್ರಿ ಚಂದ್ರು, ಓನರ್ ಮಗಳು ವಿನಯಾ ಪ್ರಸಾದ್. ಬಾಡಿಗೆದಾರನಿಗೂ ಓನರ್ ಮಗಳಿಗೂ ಎದುರಾದರೆ ಜಗಳ. ಆದರೆ ಬೇರೆ ಹೆಸರಿನಲ್ಲಿ, ಮುಖ ನೋಡದೆ, ಕಾಗದದಲ್ಲಿ ಇಬ್ಬರಿಗೂ ಪ್ರೀತಿ. ಬೆಳಿಗ್ಗೆ ಬೈದುಕೊಂಡವರೇ ಪರಸ್ಪರರ ಕಾಗದಕ್ಕೆ ಕಾಯುತ್ತಾರೆ. ಕಾಗದದ ಈ ಉಪಾಯ ಹೊಸದೇನಲ್ಲ. ಹಾಲಿವುಡ್‌ನಲ್ಲಿ ಲುಬಿಟ್ಷ್ 1940ರಲ್ಲೇ ‘ದ ಶಾಪ್ ಅರೌಂಡ್ ದ ಕಾರ್ನರ್’ನಲ್ಲಿ ಇಂಥದ್ದನ್ನು ಬಳಸಿದ್ದ. ಅದೇ ಕತೆ ಇಮೇಲ್ ಕಾಲಕ್ಕೆ ‘ಯೂ ಹ್ಯಾವ್ ಗಾಟ್ ಮೇಲ್’ (1998) ಆಗಿ ಮತ್ತೆ ಬಂತು. ನಮ್ಮ ಗಣೇಶ ಟಾಮ್ ಹ್ಯಾಂಕ್ಸ್‌ಗಿಂತ ಎಂಟು ವರ್ಷ ಮೊದಲೇ ಪ್ರೇಮಪತ್ರ ಬರೆದು ಮುಗಿಸಿದ್ದ ಅನ್ನೋದು ನಮ್ಮ ಹೆಮ್ಮೆ.

ಉಪಾಯ ಎರವಲಿನದಾದರೂ ಜಾಗ ನಮ್ಮದು. ವಠಾರ ಅಂದರೆ ಒಬ್ಬರ ಒಗ್ಗರಣೆ ಇನ್ನೊಬ್ಬರ ಮೂಗಿಗೆ ಬರುವ ಜಾಗ. ನೀರು, ಬಾಡಿಗೆ, ಗೇಟು, ಸದ್ದು, ಎಲ್ಲದಕ್ಕೂ ಜಗಳ ಆಗಬಹುದಾದ ಜಾಗ. ಅಲ್ಲಿ ಗುಟ್ಟು ಉಳಿಯೋದೇ ಕಷ್ಟ. ಅಂಥ ಕಡೆ ಇಬ್ಬರು ಒಬ್ಬರನ್ನೊಬ್ಬರು ಪೂರ್ತಿ ತಪ್ಪು ತಿಳಿದುಕೊಂಡು ಬದುಕುತ್ತಿದ್ದಾರೆ ಅನ್ನೋದರಲ್ಲೇ ಇಡೀ ಹಾಸ್ಯ ಇದೆ. ಮೇಲಿನಿಂದ ನೋಡಿದರೆ ಗೊಂದಲದ ಕಾಮಿಡಿ. ಒಳಗಿರೋದು ಒಂದು ನೋವು: ಪಕ್ಕದ ಮನೆಯವರನ್ನು ನಾವು ನೋಡಲೇ ಇಲ್ಲ, ನೋಡಿದ್ದು ನಮ್ಮ ಸಿಟ್ಟನ್ನು ಮಾತ್ರ. ಆ ನೋವನ್ನು ಚಿತ್ರ ಒಮ್ಮೆಯೂ ಭಾಷಣ ಮಾಡಿ ಹೇಳಲ್ಲ.

ಇನ್ನು ಅನಂತನಾಗ್. ಈ ಮನುಷ್ಯ ತಮಾಷೆ ಮಾಡುವಾಗ ತಾನು ತಮಾಷೆ ಮಾಡ್ತಿದ್ದೀನಿ ಅಂತ ತೋರಿಸಿಕೊಳ್ಳಲ್ಲ. ಅವರ ಮುಖದಲ್ಲಿ ಇರೋದು ಅವಮಾನ, ಕಸಿವಿಸಿ, ಹೇಗಾದರೂ ಪಾರಾಗಬೇಕು ಅನ್ನೋ ಆತಂಕ. ಪಾತ್ರಕ್ಕೆ ಅದು ಜೀವನ್ಮರಣದ ಪ್ರಶ್ನೆ, ನಮಗೆ ಮಾತ್ರ ನಗು. ನಾಯಕನೇ ಇಲ್ಲಿ ನಗೆಪಾಟಲು. ಓನರ್ ಕೂಡ ಖಳನಾಯಕ ಅಲ್ಲ, ಕಾಸಿನ ಮೇಲೆ, ಮರ್ಯಾದೆಯ ಮೇಲೆ ಜೀವ ಇಟ್ಟಿರುವ ಮನುಷ್ಯ. ಮುಂದಿನ ವರ್ಷದ ‘ಗೌರಿ ಗಣೇಶ’ದಲ್ಲಿ ಫಣಿ ಇನ್ನೂ ಮುಂದೆ ಹೋದರು. ಅಲ್ಲಿನ ಲಂಬೋದರ ಸುಳ್ಳು ಹೇಳಿ ದೊಡ್ಡವರಿಂದ ದುಡ್ಡು ಕೀಳುವವನು, ಅಂದರೆ ನೇರ ಮೋಸಗಾರ. ಆದರೂ ಅವನ ಸುಳ್ಳಿಗೆ ಸಿಕ್ಕಿಬೀಳುವವರ ಮರ್ಯಾದಸ್ತಿಕೆಯೇ ಅಲ್ಲಿ ಹೆಚ್ಚು ನಗೆ ತರಿಸುತ್ತದೆ. ಕೆಳಗಿದ್ದವನು ಮೇಲಿದ್ದವರನ್ನು ನೋಡಿ ನಗುವ ಅವಕಾಶ ಅದು.

ಈಗ ಇದನ್ನು ನಮ್ಮ ‘ಕಾಮಿಡಿ ಟ್ರ್ಯಾಕ್’ ಪಕ್ಕದಲ್ಲಿಡಿ. ನಾಯಕ ಎತ್ತರ, ಬಿಳುಪು, ಗಟ್ಟಿ. ಅವನ ಪಕ್ಕ ಒಬ್ಬ ಕುಳ್ಳ ಅಥವಾ ದಪ್ಪಗಿನ ಗೆಳೆಯ. ಆ ಗೆಳೆಯನ ಕೆಲಸ ಏಟು ತಿನ್ನೋದು. ಕಪ್ಪಗಿರುವ ಹುಡುಗಿ ಬಂದರೆ ಜೋಕು, ಗಂಡಸು ಸೀರೆ ಉಟ್ಟರೆ ಜೋಕು, ತೊದಲುವವನು ಬಾಯಿ ತೆರೆದರೆ ಜೋಕು. ನರಸಿಂಹರಾಜು ಕಾಲದಿಂದಲೂ ಸಣಕಲು ದೇಹದ ಮೇಲೆ ನಗೆ ಇತ್ತು, ನಿಜ. ಆದರೆ ‘ಬೇಡರ ಕಣ್ಣಪ್ಪ’ದಿಂದ (1954) ಶುರುವಾಗಿ ಆ ನಟ ಮಾಡುತ್ತಿದ್ದದ್ದು ಬೇರೆ. ಅವರು ಆ ದೇಹದಿಂದ ನಗಿಸುತ್ತಿದ್ದರು. ಮಾತಿನ ವೇಗ, ಕಣ್ಣು, ಹೆಜ್ಜೆ ಎಲ್ಲ ಅವರ ಹಿಡಿತದಲ್ಲಿತ್ತು. ಇವತ್ತಿನ ಟ್ರ್ಯಾಕಿನಲ್ಲಿ ದೇಹ ಬಂದು ನಿಂತರೆ ಮುಗೀತು, ಬರೆಯುವವರು ಅಲ್ಲಿಂದ ಮುಂದೆ ಕೆಲಸ ಮಾಡಲ್ಲ. ಅಂಥ ಜೋಕಿಗೆ ಥಿಯೇಟರ್‌ನಲ್ಲಿ ನೂರು ಜನ ನಗುವಾಗ, ಅದೇ ಮೈಬಣ್ಣದ, ಅದೇ ಮೈಕಟ್ಟಿನ ಒಬ್ಬರು ನಾಲ್ಕನೇ ಸಾಲಿನಲ್ಲಿ ಕೂತಿರ್ತಾರೆ. ಅವರೂ ನಗ್ತಾರೆ, ನಗದಿದ್ದರೆ ಪಕ್ಕದವರು ನೋಡ್ತಾರಲ್ಲ. ಆ ನಗುವಿನಿಂದ ಯಾರ ಆರೋಗ್ಯ ಸುಧಾರಿಸಿತು ಅಂತ ಯಾರಾದರೂ ಲೆಕ್ಕ ಕೊಡಬೇಕು.

ಟಿವಿಯ ಕಾಮಿಡಿ ಷೋಗಳು ಇನ್ನೊಂದು ಉಪಾಯ ಕಂಡುಕೊಂಡಿವೆ. ಸ್ಕಿಟ್ ನಡೆಯುವಾಗ ಕ್ಯಾಮೆರಾ ಪದೇ ಪದೇ ತೀರ್ಪುಗಾರರ ಕಡೆ ತಿರುಗುತ್ತೆ. ಅವರು ಮೇಜು ತಟ್ಟಿ, ಕುರ್ಚಿಯಿಂದ ಜಾರಿ, ಕಣ್ಣೊರೆಸಿಕೊಂಡು ನಗ್ತಾರೆ. ನಮ್ಮ ಪರವಾಗಿ ಅವರೇ ನಕ್ಕು ಮುಗಿಸುತ್ತಾರೆ. ಈ ಷೋಗಳಿಂದ ಉತ್ತರ ಕರ್ನಾಟಕ, ಕರಾವಳಿ, ಹಳೇ ಮೈಸೂರಿನ ಪ್ರತಿಭಾವಂತ ಹುಡುಗ ಹುಡುಗಿಯರು ಬೆಳಕಿಗೆ ಬಂದಿದ್ದಾರೆ, ಅದನ್ನು ಮರೆಯಬಾರದು. ಅವರ ಕನ್ನಡದ ಸೊಗಸೇ ಬೇರೆ. ಆದರೆ ಮೂವತ್ತು ಸೆಕೆಂಡಿಗೊಂದು ನಗು ಬರಲೇಬೇಕು ಅನ್ನೋ ಒತ್ತಡಕ್ಕೆ ಅವರೂ ಕೊನೆಗೆ ಸೀರೆ, ಕುಡುಕ, ಹೆಂಡತಿ ಏಟು, ಈ ಮೂರರ ಸುತ್ತಲೇ ಗಿರಕಿ ಹೊಡೀತಾರೆ.

ಫೋನಿನ ಕತೆ ಸ್ವಲ್ಪ ಬೇರೆ. ರಾತ್ರಿ ಹನ್ನೊಂದೂವರೆಗೆ ಹಾಸಿಗೆ ಮೇಲೆ ಬಿದ್ದುಕೊಂಡು ನಲವತ್ತು ರೀಲ್ಸ್ ನೋಡ್ತೀವಿ. ಅಷ್ಟರಲ್ಲಿ ನಿಜವಾಗಿ ಎಷ್ಟು ಸಲ ಬಾಯಿಬಿಟ್ಟು ನಕ್ಕಿರ್ತೀವಿ? ಹೆಚ್ಚಿನದಕ್ಕೆ ಮೂಗಿನಿಂದ ಒಂದು ‘ಹುಂ’. ಬೆರಳು ಮುಂದಕ್ಕೆ ಹೋಗಿರುತ್ತೆ. ಆದರೆ ನಿಜವಾಗಿ ಚೆನ್ನಾಗಿರೋದು ಸಿಕ್ಕಾಗ ಮೊದಲು ಮಾಡೋ ಕೆಲಸ ಏನು ಹೇಳಿ? ಯಾರಿಗಾದರೂ ಕಳಿಸೋದು. ‘ಲೋ ಇದು ನೋಡೋ, ಥೇಟ್ ನಮ್ ಮ್ಯಾನೇಜರ್’ ಅಂತ. ಪಕ್ಕದಲ್ಲಿ ಯಾರೂ ಇಲ್ಲದ್ದಕ್ಕೆ ಮನಸ್ಸು ಜೊತೆ ಹುಡುಕುವ ರೀತಿ ಅದು. 2020ರ ಲಾಕ್‌ಡೌನ್‌ನಲ್ಲಿ ದಾನಿಶ್ ಸೇಟ್ ಒಬ್ಬರೇ ಎಲ್ಲ ಪಾತ್ರ ಆಗಿ ಮಾಡಿದ ಪುಟ್ಟ ವಿಡಿಯೊಗಳು ಅಷ್ಟೊಂದು ಓಡಾಡಿದ್ದು ಇದೇ ಕಾರಣಕ್ಕೆ ಅನ್ಸುತ್ತೆ. ಮನೆಯಲ್ಲೇ ಮಾಡಿದ್ದು, ಅರ್ಧ ಕನ್ನಡ ಅರ್ಧ ಇಂಗ್ಲಿಷ್. ಆದರೆ ಅಲ್ಲಿನ ದಿಗಿಲು ನಮ್ಮೆಲ್ಲರ ದಿಗಿಲು. ಮನೆಯೊಳಗೆ ಸಿಕ್ಕಿಹಾಕಿಕೊಂಡ ಊರಿಗೆ, ‘ಹುಚ್ಚು ಹಿಡೀತಿರೋದು ನನಗೊಬ್ಬನಿಗೇ ಅಲ್ಲ’ ಅಂತ ಗೊತ್ತಾಯಿತು. ಅದಕ್ಕಿಂತ ದೊಡ್ಡ ಸಮಾಧಾನ ಆಗ ಇನ್ನೇನಿತ್ತು?

ನಗುವನ್ನು ಔಷಧ ಅಂತ ಕರೆಯುವ ಹಕ್ಕು ಕನ್ನಡದಲ್ಲಿ ಯಾರಿಗಾದರೂ ಇದ್ದರೆ ಅದು ಡಾ. ಎಂ. ಶಿವರಾಂ ಅವರಿಗೆ, ಅಂದರೆ ನಮ್ಮ ರಾಶಿಗೆ. ವೃತ್ತಿಯಿಂದ ವೈದ್ಯರು. ಮನಸ್ಸಿನ ಬಗ್ಗೆ ಬರೆದ ‘ಮನಮಂಥನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು. ಅವರು 1942ರಲ್ಲಿ, ಒಂದು ಕಡೆ ಮಹಾಯುದ್ಧ, ಇನ್ನೊಂದು ಕಡೆ ಕ್ವಿಟ್ ಇಂಡಿಯಾ ನಡೆಯುತ್ತಿದ್ದ ವರ್ಷ, ‘ಕೊರವಂಜಿ’ ಎಂಬ ಹಾಸ್ಯ ಪತ್ರಿಕೆ ಶುರು ಮಾಡಿ ಇಪ್ಪತ್ತೈದು ವರ್ಷ ನಡೆಸಿದರು. ಆರ್.ಕೆ. ಲಕ್ಷ್ಮಣ್ ಎಳೆಯ ವಯಸ್ಸಿನಲ್ಲಿ ವ್ಯಂಗ್ಯಚಿತ್ರ ಬರೆದ ಪತ್ರಿಕೆ ಅದು. ಮನಸ್ಸಿನ ಕಾಯಿಲೆ ಬಲ್ಲ ವೈದ್ಯರೊಬ್ಬರು ಕಷ್ಟದ ಕಾಲದಲ್ಲಿ ನಗೆಗೆ ಕೈಹಾಕಿದಾಗ, ಓದುಗರಿಗೆ ಕೊಟ್ಟಿದ್ದು ಬರಹ ಮತ್ತು ಚಿತ್ರ, ಅಂದರೆ ಮತ್ತೆ ತಲೆಗೇ ಕೆಲಸ.

‘ಗಣೇಶನ ಮದುವೆ’ಯನ್ನು ಇಷ್ಟೆಲ್ಲ ಹೊಗಳಿದ ಮೇಲೆ ಅದರ ಮಿತಿಯನ್ನೂ ಹೇಳಬೇಕು. ಆ ವಠಾರದೊಳಗೆ ಎಲ್ಲರಿಗೂ ಆಗಲೇ ಮನೆ ಸಿಕ್ಕಿದೆ. ಅದು ಹೆಚ್ಚುಕಡಿಮೆ ಒಂದೇ ಬಗೆಯ ಮಧ್ಯಮವರ್ಗದ ಲೋಕ. ಗೇಟಿನ ಹೊರಗೇ ನಿಂತವರು ಅಲ್ಲಿಲ್ಲ: ‘ನಿಮ್ಮದು ಯಾವ ಜನ?’, ‘ನಾನ್‌ವೆಜ್ ತಿಂತೀರಾ?’, ‘ಒಬ್ರೇ ಹುಡ್ಗೀರಿಗೆ ಕೊಡಲ್ಲಮ್ಮ’ ಅಂತ ಕೇಳಿಸಿಕೊಂಡು ಮುಂದಿನ ಬೀದಿಗೆ ಹೋಗುವವರು. ನಾವು ಈಗ ಬದುಕುತ್ತಿರುವ ಬೆಂಗಳೂರು ಅವರದ್ದು. ಹತ್ತು ತಿಂಗಳ ಅಡ್ವಾನ್ಸು, ಬಣ್ಣ ಬಳಿಸೋಕೆ ಅಂತ ಒಂದು ತಿಂಗಳ ಬಾಡಿಗೆ ಕಡಿತ, ಪೀಜಿಯ ನೀರು ಸಾರು, ಮಧ್ಯರಾತ್ರಿ ಅಮೆರಿಕದ ಕಾಲ್, ಅಪ್ರೈಸಲ್‌ನಲ್ಲಿ ‘ಮೀಟ್ಸ್ ಎಕ್ಸ್‌ಪೆಕ್ಟೇಷನ್’. ಕಾಮಿಡಿ ಬರೆಯುವವರಿಗೆ ಇದಕ್ಕಿಂತ ಸಮೃದ್ಧ ಹೊಲ ಬೇಕಾ?

ಸ್ಟ್ರೆಸ್ ಕಳೆಯಲಿ ಅಂತ ಕಾನ್ಫರೆನ್ಸ್ ರೂಮಿನಲ್ಲಿ ಕೈ ಮೇಲೆತ್ತಿ ‘ಹಹಹ’ ಅನ್ನಿಸುವ ವೆಲ್‌ನೆಸ್ ಸೆಷನ್ ನಾನೂ ನೋಡಿದ್ದೀನಿ. ಅದರಿಂದ ಕೆಡುಕೇನೂ ಇಲ್ಲ, ಅರ್ಧ ಗಂಟೆ ಮೀಟಿಂಗ್ ತಪ್ಪುತ್ತೆ. ಆದರೆ ಸ್ಟ್ರೆಸ್ ಎಲ್ಲಿಂದ ಬಂತು ಅನ್ನೋ ಮಾತು ಮಾತ್ರ ಆ ರೂಮಿನಲ್ಲಿ ಬರಲ್ಲ. ಸೆಷನ್ ಮುಗಿದು ಕಾಫಿ ಮಷಿನ್ ಹತ್ತಿರ ಮೂರು ಜನ ಸೇರಿ ಆ ‘ಹಹಹ’ವನ್ನೇ ಅಣಕಿಸಿ ನಗ್ತಾರಲ್ಲ, ಅದು ಅಸಲಿ. ಅಲ್ಲಿ ವಿಷಯ ಇದೆ, ಜೊತೆ ಇದೆ.

ಆದ್ದರಿಂದ ನಿರ್ದೇಶಕರೇ, ನಿಮ್ಮ ಮುಂದಿನ ಕಾಮಿಡಿಗೆ ನಾವು ತಲೆ ತಗೊಂಡೇ ಬರ್ತೀವಿ. ಬಾಡಿಗೆ, ಇಎಂಐ, ಮ್ಯಾನೇಜರ್ ಎಲ್ಲ ಅದರೊಳಗೇ ಇರ್ತಾರೆ. ಪಕ್ಕದ ಸೀಟಿಗೂ ಒಬ್ಬರನ್ನು ಕರ್ಕೊಂಡು ಬರ್ತೀವಿ. ನೀವು ಕತೆ ತನ್ನಿ.