ಪೂರ್ವಪಕ್ಷದ ರುಚಿ

ವಾದಗ್ರಂಥ ಕೈಗೆತ್ತಿಕೊಂಡವರು ಯಾರು ಗೆದ್ದರೆಂದು ಹುಡುಕಲು ಹೋಗಬಾರದು. ಬರೆದವರು ಯಾರೆಂದು ತಿಳಿದರೆ ಗೆದ್ದವರೂ ಗೊತ್ತಾದಂತೆಯೇ! ಸವಿಯಬೇಕಾದ್ದು ಪೂರ್ವಪಕ್ಷ, ಅಂದರೆ ಎದುರಾಳಿಯ ಮಾತಿಗೆ ಗ್ರಂಥಕಾರ ಎಷ್ಟು ಬಲ ತುಂಬಿದ್ದಾನೆ ಎಂಬುದನ್ನು.

ಹೊಸಬರಿಗೆ ನಾನು ಹೇಳುವುದು ಶಾಕಟಾಯನನ 'ಸ್ತ್ರೀನಿರ್ವಾಣ ಪ್ರಕರಣ'. ಸೇಡಂ ತಾಲ್ಲೂಕಿನ ಮಳಖೇಡದಿಂದ ಆಳಿದ ಅಮೋಘವರ್ಷನ (814–878) ಕಾಲದವನು ಈತ. ತನ್ನ ವ್ಯಾಕರಣದ ವೃತ್ತಿಗೆ ದೊರೆಯ ಹೆಸರನ್ನೇ ಇಟ್ಟವನು. ಹೆಣ್ಣು ಅದೇ ಜನ್ಮದಲ್ಲಿ ಮೋಕ್ಷ ಪಡೆಯಬಲ್ಲಳೇ ಎಂಬುದು ಪ್ರಶ್ನೆ. ಜೈನರಲ್ಲಿ ದಿಗಂಬರರು ಇಲ್ಲವೆಂದರು, ಶ್ವೇತಾಂಬರರು ಹೌದೆಂದರು. ಶಾಕಟಾಯನ ಯಾಪನೀಯ. ಆ ಪಂಥದ ಮುನಿಗಳು ಬತ್ತಲೆ ಇರುತ್ತಿದ್ದರು, ಆದರೂ ಸೀರೆಯುಟ್ಟ ಆರ್ಯಿಕೆಗೆ ಮೋಕ್ಷವುಂಟು ಎನ್ನುತ್ತಿದ್ದರು. ಓದುವಾಗ ಇದು ನೆನಪಿರಲಿ.

ಎದುರಾಳಿಯ ಒಂದು ವಾದ ನೋಡಿ. ಹೆಂಗಸರು ಏಳನೇ ನರಕಕ್ಕೆ ಬೀಳುವಷ್ಟು ಘೋರ ಪಾಪ ಮಾಡಲಾರರು. ಇದನ್ನು ಎರಡೂ ಕಡೆಯವರು ಒಪ್ಪುತ್ತಾರೆ. ಹಾಗಾದರೆ ಅಷ್ಟು ಕೆಳಗಿಳಿಯುವ ಕಸುವಿಲ್ಲದವರಿಗೆ ತುತ್ತತುದಿಗೇರುವ ಕಸುವು ಎಲ್ಲಿಂದ ಬಂತು? ಇಲ್ಲಿ ಪುಸ್ತಕ ಮುಚ್ಚಿ, ಉತ್ತರ ನೀವೇ ಯೋಚಿಸಿ. ಸುಲಭವಿಲ್ಲ. ಶಾಕಟಾಯನ ಪ್ರಾಣಿಗಳನ್ನು ಸಾಕ್ಷಿಗೆ ಕರೆಯುತ್ತಾನೆ. ಆಗಮದ ಪ್ರಕಾರ ಹಕ್ಕಿ ಮೂರನೇ ನರಕದವರೆಗೆ, ನಾಲ್ಕು ಕಾಲಿನದು ನಾಲ್ಕನೆಯದರವರೆಗೆ, ಹಾವು ಐದನೆಯದರವರೆಗೆ ಬೀಳಬಹುದು. ಮೇಲೇರುವಾಗ ಮಾತ್ರ ಎಲ್ಲಕ್ಕೂ ಸಹಸ್ರಾರ ಸ್ವರ್ಗದವರೆಗೆ ದಾರಿ ಉಂಟು. ಬೀಳುವ ಆಳಕ್ಕೂ ಏರುವ ಎತ್ತರಕ್ಕೂ ಗಂಟು ಹಾಕಿದವರು ಯಾರು? ಎದುರಾಳಿ ಒಪ್ಪಿದ ಶಾಸ್ತ್ರದಿಂದಲೇ ಎದುರಾಳಿಯನ್ನು ಕಟ್ಟಿಹಾಕುವ ಈ ಪಟ್ಟು ನನಗಂತೂ ಇಡೀ ಗ್ರಂಥದ ತಿರುಳು.

ಬಟ್ಟೆಯ ವಾದ ಇಷ್ಟು ಚುರುಕಲ್ಲ. ಮಮತೆಯಿಲ್ಲದಿದ್ದರೆ ಮುನಿಯ ನವಿಲುಗರಿಯ ಪಿಂಛಿಯಂತೆ ಸೀರೆಯೂ ಪರಿಗ್ರಹವಲ್ಲ ಎಂಬ ಧಾಟಿ ಅದರದು.

ಅದೇ ಮಳಖೇಡದ ಕಾಗಿಣಾ ದಂಡೆಯಲ್ಲಿ ಭಕ್ತರು ಪೂಜಿಸುವ ಟೀಕಾಚಾರ್ಯ ಜಯತೀರ್ಥರ ವೃಂದಾವನವಿದೆ. ಅವರ 'ನ್ಯಾಯಸುಧಾ' ಎರಡನೇ ಮೆಟ್ಟಿಲು. ಮುಕ್ತರ ಆನಂದದಲ್ಲೂ ತಾರತಮ್ಯವುಂಟೆಂಬ ಮಧ್ವಮತವನ್ನು ಅಲ್ಲಿ ಕಾಣುವಿರಿ. ಆದರೆ ಗುರುಮುಖವಿಲ್ಲದೆ ಕೈಹಾಕಬೇಡಿ.

ಐದನೇ ಶತಮಾನದ ಕ್ರೈಸ್ತರಲ್ಲೂ ಇಂಥದೇ ಜಟಾಪಟಿ ನಡೆದಿತ್ತು: ಮುಕ್ತಿಗೆ ಮನುಷ್ಯನ ಯತ್ನ ಮುಖ್ಯವೋ, ದೇವರ ಕೃಪೆಯೋ? ಯತ್ನದ ಪರ ನಿಂತ ಪೆಲಾಜಿಯಸನ ಮಾತುಗಳಲ್ಲಿ ಬಹಳಷ್ಟನ್ನು ನಾವು ಕೇಳುವುದು ಎದುರಾಳಿ ಅಗಸ್ಟೀನನ ಬಾಯಲ್ಲೇ. ಯಾಪನೀಯರೂ ಅಳಿದರು, ಶಾಕಟಾಯನನ ಗ್ರಂಥವನ್ನು ಕಾಪಿಟ್ಟದ್ದು ಶ್ವೇತಾಂಬರ ಭಂಡಾರಗಳು. 1974ರಲ್ಲಿ ಅದನ್ನು ಸಂಪಾದಿಸಿದವರೂ ಶ್ವೇತಾಂಬರ ಮುನಿ ಜಂಬೂವಿಜಯರು. ಅದನ್ನು ಓದಿದ ಮೇಲೆ ದಿಗಂಬರ ಪ್ರಭಾಚಂದ್ರನ 'ನ್ಯಾಯಕುಮುದಚಂದ್ರ' ತೆಗೆಯಿರಿ: ಅಲ್ಲಿ ಸ್ತ್ರೀಮುಕ್ತಿಯೇ ಪೂರ್ವಪಕ್ಷ.