ಬೆಂಕಿಬೆಟ್ಟದ ಚಳಿ

ಜ್ವಾಲಾಮುಖಿಯ ಮೇಲೆ ಚಾರಣ ಎಂದೊಡನೆ ಎಲ್ಲರೂ ಮೊದಲು ಕೇಳುವುದು, ‘ಅದು ಸಿಡಿದರೆ ಏನು ಗತಿ?’ ಎಂದು. ನ್ಯೂಜಿಲೆಂಡಿನ ಟೊಂಗರಿರೊಗೆ ಹೊರಟವರು ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ‘ಇವತ್ತು ಮೇಲೆ ಗಾಳಿ ಎಷ್ಟಿದೆ?’

ಸಿಡಿಯುವ ಭಯ ಸುಳ್ಳೇನಲ್ಲ. 2012ರ ಆಗಸ್ಟ್ 6ರ ರಾತ್ರಿ ಅಲ್ಲಿನ ತೆ ಮಾರಿ ಕುಳಿ ಸ್ಫೋಟಿಸಿ, ಹಾರಿದ ಬಂಡೆಗಳು ಕೆಟೆಟಾಹಿ ತಂಗುಮನೆಯ ಚಾವಣಿಯನ್ನು ತೂತು ಮಾಡಿದವು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ನವೆಂಬರ್ 21ರಂದು ಅದು ಮತ್ತೊಮ್ಮೆ ಸಿಡಿಯಿತು. ಆದರೆ ಬೆಟ್ಟದ ಒಡಲನ್ನು ಜಿಯೊನೆಟ್ ಸಂಸ್ಥೆಯ ಉಪಕರಣಗಳು ಹಗಲಿರುಳು ಆಲಿಸುತ್ತಿರುತ್ತವೆ. ಎಚ್ಚರಿಕೆಯ ಮಟ್ಟವನ್ನು ಯಾರು ಬೇಕಾದರೂ ನೋಡಬಹುದು. ಗಾಳಿಯ ಎದುರು ನಿಲ್ಲುವ ಹೊತ್ತಿನಲ್ಲಿ ಮಾತ್ರ ನಿರ್ಧಾರ ನಮ್ಮದೇ.

ಮಾವೊರಿ ಜನರ ಕಥೆಯಲ್ಲೂ ಈ ಬೆಟ್ಟಕ್ಕೆ ಮೊದಲು ಬಂದದ್ದು ಚಳಿ, ಆಮೇಲೆ ಬೆಂಕಿ. ಪುರೋಹಿತ ನ್ಗಾಟೊರೊಯಿರಂಗಿ ಶಿಖರ ಏರಿದಾಗ ದಕ್ಷಿಣದ ಗಾಳಿಗೆ ಸಿಕ್ಕಿ ಮರಗಟ್ಟಿಹೋಗುತ್ತಾನೆ. ದೂರದ ಹವಾಯಿಕಿಯಲ್ಲಿದ್ದ ಒಡಹುಟ್ಟಿದವರನ್ನು ಕೂಗಿ ಬೆಂಕಿ ಕಳಿಸಿರೆಂದು ಬೇಡುತ್ತಾನೆ. ಆ ಬೆಂಕಿ ಕಡಲಡಿಯಲ್ಲೂ ನೆಲದಡಿಯಲ್ಲೂ ಹರಿದು ಬಂದು ಈ ಶಿಖರದಲ್ಲಿ ಉಕ್ಕಿ ಅವನನ್ನು ಉಳಿಸುತ್ತದೆ. ಈ ಬೆಟ್ಟಗಳನ್ನು ಪೂರ್ವಜರೆಂದೇ ಕಾಣುವ ನ್ಗಾಟಿ ತೂಫರೆತೋವಾ ಬುಡಕಟ್ಟಿನ ನಾಯಕ, ನಾಲ್ಕನೆಯ ತೆ ಹ್ಯೂಹ್ಯೂ ಟುಕಿನೊ, 1887ರಲ್ಲಿ ಶಿಖರಗಳನ್ನು ನಾಡಿಗೆ ಕೊಟ್ಟ. ನ್ಯೂಜಿಲೆಂಡಿನ ಮೊದಲ ರಾಷ್ಟ್ರೀಯ ಉದ್ಯಾನ ಹುಟ್ಟಿದ್ದು ಹಾಗೆ.

ನಮ್ಮ ಕಡೆಯ ಚಾರಣಿಗರಿಗೆ ಟೊಂಗರಿರೊ ಚಾರಣದ ದಾರಿಯ ಎತ್ತರ ಮೋಸ ಮಾಡುತ್ತದೆ. ದಾರಿಯ ಅತ್ಯುನ್ನತ ಜಾಗವಾದ ರೆಡ್ ಕ್ರೇಟರ್ ಇರುವುದು 1886 ಮೀಟರಿನಲ್ಲಿ. ನಮ್ಮ ಮುಳ್ಳಯ್ಯನಗಿರಿಯೇ ಅದಕ್ಕಿಂತ ಎತ್ತರ. ‘ಇಷ್ಟೇನಾ?’ ಅನ್ನಿಸುವುದು ಸಹಜ. ಆದರೆ ಮುಳ್ಳಯ್ಯನಗಿರಿ ಇರುವುದು ಸಮಭಾಜಕದಿಂದ 13 ಡಿಗ್ರಿ ದೂರದಲ್ಲಿ, ಟೊಂಗರಿರೊ 39 ಡಿಗ್ರಿ ದೂರದಲ್ಲಿ. ಪಶ್ಚಿಮ ಘಟ್ಟದ ಮಳೆಯಲ್ಲಿ ನಾವು ಗಂಟೆಗಟ್ಟಲೆ ನೆನೆದು, ಇಂಬಳ ಕಿತ್ತುಹಾಕುತ್ತಾ ನಡೆದು, ಸಂಜೆ ಬಿಸಿನೀರು ಹೊಯ್ದುಕೊಂಡು ಸುಧಾರಿಸಿಕೊಳ್ಳುತ್ತೇವೆ. ಆ ಅಭ್ಯಾಸವನ್ನೇ ನಂಬಿ ಅಲ್ಲಿ ಹತ್ತಿಯ ಬಟ್ಟೆಯಲ್ಲಿ ನೆನೆದರೆ ದೇಹದ ಶಾಖ ಇಳಿಯತೊಡಗುತ್ತದೆ. ನಡುಕದ ಜೊತೆ ಬುದ್ಧಿಯೂ ಮಂಕಾಗುತ್ತದೆ. ಥರ್ಮಾಮೀಟರು 5 ಡಿಗ್ರಿ ತೋರಿಸುವಾಗ ಗಂಟೆಗೆ 50 ಕಿ.ಮೀ. ಗಾಳಿ ಬೀಸಿದರೆ ಮೈಗೆ ತಟ್ಟುವ ಚಳಿ ಸೊನ್ನೆಗಿಂತ ಕೆಳಗಿನದು. ಒದ್ದೆ ಮೈಗೆ ಇನ್ನೂ ಹೆಚ್ಚು.

ದಾರಿಯ ಉದ್ದ ಸುಮಾರು 20 ಕಿ.ಮೀ., ನಡಿಗೆ ಏಳೆಂಟು ಗಂಟೆ. ಮಂಗಾಟೆಪೊಪೊ ಕಣಿವೆಯಲ್ಲಿ, 1120 ಮೀಟರಿನಲ್ಲಿ, ಶುರು. ನ್ಗೌರುಹೋಯೆ ಶಿಖರ 1949ರಲ್ಲೂ 1954ರಲ್ಲೂ ಉಗುಳಿದ ಲಾವಾ ಇಲ್ಲಿ ಕಪ್ಪಗೆ ಹೆಪ್ಪುಗಟ್ಟಿದೆ. ಅದಕ್ಕೂ ಹಳೆಯ ಹರಿವುಗಳ ಮೇಲೆ ಹಾವಸೆಯೂ ಗಿಡಗಳೂ ದಟ್ಟವಾಗಿವೆ, ಹೊಸದು ಇನ್ನೂ ಬೋಳು. ಕಲ್ಲು ಮಣ್ಣಾಗುವ ಕೆಲಸವನ್ನು ಹೀಗೆ ಹಂತಹಂತವಾಗಿ ನೋಡುತ್ತಾ ಸೋಡಾ ಸ್ಪ್ರಿಂಗ್ಸ್‌ವರೆಗೆ ಹೋಗುವುದೇ ದೊಡ್ಡ ಸುಖ. ಅಲ್ಲಿಂದ ಮುಂದೆ ಕಡಿದಾದ ಏರು, ಆಮೇಲೆ ಸೌತ್ ಕ್ರೇಟರಿನ ಬಯಲು, ಆಮೇಲೆ ರೆಡ್ ಕ್ರೇಟರಿಗೆ ಏರುವ ಬೋಳು ಏಣು. ಅಲ್ಲಿ ನೆಲದಿಂದ ಹಬೆ ಏಳುತ್ತಿರುತ್ತದೆ, ಗಂಧಕದ ವಾಸನೆ ಮೂಗಿಗೆ ಬಡಿಯುತ್ತದೆ. ಪಾದದಡಿ ಬೆಚ್ಚಗಿನ ನೆಲ, ಬೆನ್ನಿಗೆ ಕೊರೆಯುವ ಗಾಳಿ. ಮರೆಗೆ ಒಂದು ಮರವಿಲ್ಲ. ಕಾಡು ಸಿಗುವುದು ಕೆಟೆಟಾಹಿಯ ಇಳಿಜಾರಿನ ಕೊನೆಯಲ್ಲಿ.

ಅದಕ್ಕೇ ನಾನು ಹೇಳುವುದು: ಹವಾಮಾನದ ತೀರ್ಮಾನ ರೆಡ್ ಕ್ರೇಟರಿನಲ್ಲಿ ಮಾಡುವಂಥದ್ದಲ್ಲ, ಸೋಡಾ ಸ್ಪ್ರಿಂಗ್ಸ್‌ನಲ್ಲೇ ಮಾಡಬೇಕು. ರೆಡ್ ಕ್ರೇಟರ್ ದಾಟಿ ಎಮರಾಲ್ಡ್ ಕೆರೆಗಳತ್ತ ಇಳಿಯುವುದು ಸಡಿಲ ಉದುರುಗಲ್ಲಿನ ಮೇಲೆ. ಹೊಸದಾಗಿ ಸುರಿದ ಜಲ್ಲಿರಾಶಿಯ ಮೇಲೆ ಕಾಲಿಟ್ಟಂತೆ ಹೆಜ್ಜೆಹೆಜ್ಜೆಗೂ ಜಾರುತ್ತದೆ. ಒಮ್ಮೆ ಇಳಿದವರಿಗೆ ಮತ್ತೆ ಏರುವ ಮನಸ್ಸಾಗದು, ಮುಂದಿನ ದಾರಿಯೋ ಅರ್ಧಕ್ಕಿಂತ ಹೆಚ್ಚು ಬಾಕಿ. ಸಾಲದ್ದಕ್ಕೆ ದಾರಿ ಶುರುವಾಗುವುದು ಒಂದು ಕಡೆ, ಮುಗಿಯುವುದು ಇನ್ನೊಂದು ಕಡೆ. ಕಾರು ಕೆಟೆಟಾಹಿಯಲ್ಲಿದೆ, ಬಸ್ಸು ಅಲ್ಲಿಗೇ ಬರುತ್ತದೆ ಎಂಬ ಯೋಚನೆ ಮಳೆಯಲ್ಲೂ ಜನರನ್ನು ಮುಂದಕ್ಕೆ ನೂಕುತ್ತದೆ. ಗಾಳಿಯಷ್ಟೇ ಅಪಾಯ ಈ ಯೋಚನೆಯದು.

ಆಕಾಶ ಮುನ್ಸೂಚನೆ ಕೊಡದೆ ಇರುವುದು ಕಡಿಮೆ. ಪಶ್ಚಿಮದಿಂದ ಎತ್ತರದ ಮೋಡ ದಟ್ಟವಾಗುತ್ತಾ ಬರುತ್ತದೆ, ವಾಯವ್ಯದ ಗಾಳಿ ಬಿರುಸಾಗುತ್ತದೆ, ನ್ಗೌರುಹೋಯೆಯ ನೆತ್ತಿಗೆ ಮೋಡದ ಟೊಪ್ಪಿ ಕೂರುತ್ತದೆ. ಮಳೆ ಹೊಯ್ದ ಮೇಲೆ ಗಾಳಿ ದಕ್ಷಿಣಕ್ಕೆ ತಿರುಗಿತೆಂದರೆ ಚಳಿ ಥಟ್ಟನೆ ಹೆಚ್ಚುತ್ತದೆ. ಬೇಸಿಗೆಯಲ್ಲೂ ಹಿಮ ಬಿದ್ದೀತು. ಹೊರಡುವ ಮುನ್ನ ಊರಿನ ಹವಾಮಾನ ನೋಡಿದರೆ ಸಾಲದು, ಬೆಟ್ಟದ ಮೇಲಿನ ಮುನ್ಸೂಚನೆಯನ್ನೇ ಓದಬೇಕು. ಹವೆ ಕೆಟ್ಟ ದಿನ ಬಸ್ಸಿನವರು ಹೊರಡುವುದಿಲ್ಲ ಎಂದರೆ ಅವರೊಡನೆ ವಾದ ಬೇಡ. ಉಣ್ಣೆಯ ಒಳ ಅಂಗಿ, ಗಾಳಿ-ಮಳೆ ಎರಡನ್ನೂ ತಡೆಯುವ ಕೋಟು, ಕೈಗವಸು, ಟೊಪ್ಪಿ ಬೇಸಿಗೆಯಲ್ಲೂ ಚೀಲದಲ್ಲಿರಲಿ. ಕುಡಿಯುವ ನೀರನ್ನು ಹೊತ್ತೇ ಹೋಗಬೇಕು. ಕೆರೆಗಳ ನೀರು ಖನಿಜ ಕರಗಿದ್ದು, ಮಾವೊರಿಗಳಿಗೆ ಪವಿತ್ರವಾದದ್ದು. ಮುಟ್ಟದೆ ನೋಡಿ ಬರಬೇಕು.

ಆಕ್ಲೆಂಡಿನ ಮಗನ ಮನೆಗೋ ಮಗಳ ಮನೆಗೋ ಹೋಗುವ ಓದುಗರಿಗೆ ನನ್ನ ಸಲಹೆ: ಈ ನಡಿಗೆಗೆ ಒಂದೇ ದಿನ ಗೊತ್ತುಮಾಡಬೇಡಿ, ಎರಡು ಮೂರು ದಿನ ಬಿಡುವಿಟ್ಟುಕೊಳ್ಳಿ. ಕೈಯಲ್ಲಿ ಇನ್ನೊಂದು ದಿನ ಇದ್ದವರಿಗೆ ವಾಪಸಾಗುವುದು ಕಷ್ಟವಲ್ಲ. ಬಿರುಗಾಳಿಯಲ್ಲಿ ಹಟ ಹಿಡಿದು ದಾಟಿದವರ ಕಾಲಿನ ಬಲವನ್ನು ನಾನು ಒಪ್ಪುತ್ತೇನೆ. ಆದರೆ ಮುಂದಿನ ಚಾರಣಕ್ಕೆ ಜೊತೆಗಾರರನ್ನು ಆರಿಸುವಾಗ, ಮೋಡ ನೋಡಿ ಸೋಡಾ ಸ್ಪ್ರಿಂಗ್ಸ್‌ನಿಂದ ತಿರುಗಿ ಬಂದವರನ್ನೇ ಕರೆಯುತ್ತೇನೆ.