ಹೆರುವವಳ ಮಾತಿಗೆ ಬೆಲೆ ಎಲ್ಲಿದೆ?

ಹೆರಿಗೆಯ ನೋವು ಎಲ್ಲ ನಾಡಿನಲ್ಲೂ ಒಂದೇ. ಆ ನೋವಿನ ಹೊತ್ತಿನಲ್ಲಿ ಅವಳ ಸುತ್ತ ಯಾರಿರಬೇಕು, ಯಾರ ಮಾತು ನಡೆಯಬೇಕು ಎನ್ನುವುದು ಮಾತ್ರ ನಾಡಿನಿಂದ ನಾಡಿಗೆ ಬೇರೆ. ಮಾನವಶಾಸ್ತ್ರಜ್ಞೆ ಬ್ರಿಜಿಟ್ ಜೋರ್ಡನ್ ಅವರ 'ಬರ್ತ್ ಇನ್ ಫೋರ್ ಕಲ್ಚರ್ಸ್' (1978) ಎಂಬ ಪುಸ್ತಕ ಈ ಸಂಗತಿಯನ್ನೇ ಹಿಡಿದು ಹೊರಡುತ್ತದೆ. ಅಮೆರಿಕದಲ್ಲಿ ಹೆರಿಗೆ ಒಂದು ವೈದ್ಯಕೀಯ ವಿಷಯ, ಸ್ವೀಡನ್ನಿನಲ್ಲಿ ಹೆಣ್ಣಿನ ಸ್ವಂತ ಸಾಧನೆ, ಹಾಲೆಂಡಿನಲ್ಲಿ ಪ್ರಕೃತಿ ಸಹಜ ಘಟನೆ. ಮೆಕ್ಸಿಕೋದ ಯುಕಟಾನ್ ಪ್ರದೇಶದ ಮಾಯಾ ಜನರಲ್ಲಿ ಅದು ಕಷ್ಟದ್ದಾದರೂ ಸಂಸಾರದ ಬದುಕಿನ ಒಂದು ಭಾಗ. ಇದು ಅವರು ಕಂಡುಕೊಂಡ ವ್ಯತ್ಯಾಸ.

ಯುಕಟಾನಿನ ಚಿತ್ರವೇ ಪುಸ್ತಕದ ಜೀವಾಳ. ಅಲ್ಲಿ ಹೆರಿಗೆ ಮನೆಯಲ್ಲೇ, ದಿನವೂ ಮಲಗುವ ಬಲೆಯ ತೂಗುಹಾಸಿಗೆಯಲ್ಲಿ. ಸೂಲಗಿತ್ತಿಯ ಜೊತೆ ತಾಯಿ ಇರುತ್ತಾಳೆ, ಹೆತ್ತು ಅನುಭವವಿರುವ ನೆಂಟರು ಇರುತ್ತಾರೆ. ಗಂಡನೂ ಇರಲೇಬೇಕು. ಹೆಣ್ಣು ಪಡುವ ಪಾಡನ್ನು ಅವನು ಕಣ್ಣಾರೆ ಕಾಣಬೇಕೆನ್ನುವುದು ಅವರ ರೂಢಿ. ನೋವು ಬಂದಾಗ ಎಲ್ಲರೂ ಒಟ್ಟಿಗೆ ಧೈರ್ಯ ಹೇಳುತ್ತಾರೆ. ನೋವು ಇಳಿದಾಗ ತಂತಮ್ಮ ಹೆರಿಗೆಯ ಕಥೆ ಹೇಳುತ್ತಾರೆ.

ಇದನ್ನು ಓದುವಾಗ ನನ್ನ ಎರಡು ಹೆರಿಗೆಗಳನ್ನು ಪಕ್ಕದಲ್ಲಿಟ್ಟು ನೋಡಿದೆ. 2003ರಲ್ಲಿ ಮೊದಲನೆಯದು ತವರಿನಲ್ಲಿ. ಅಮ್ಮಿ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ದುರೂದ್ ಓದುತ್ತಿದ್ದರು. ಗಂಡ ಜಗಲಿಯಲ್ಲಿ, ಗಂಡಸರು ಒಳಗೆ ಬರುವುದು ನಮ್ಮಲ್ಲಿ ಯೋಚಿಸಲೂ ಆಗದ ಮಾತು. ಮಗುವೇನೋ ಬಂತು, ರಕ್ತ ನಿಲ್ಲಲಿಲ್ಲ. ದಾಯಿಯ ಕೈ ನಡುಗಿತು. ಜೀಪು ತರಿಸಿ ಪಟ್ಟಣಕ್ಕೆ ಸಾಗಿಸಿದ್ದರಿಂದ ಬದುಕಿದೆ. ಎರಡನೆಯ ಹೆರಿಗೆ 2007ರಲ್ಲಿ, ಒಂದು ಆಸ್ಪತ್ರೆಯಲ್ಲಿ. ಜೀವಕ್ಕೆ ಭಯವಿರಲಿಲ್ಲ. ಆದರೆ ಅಮ್ಮಿಯನ್ನು ಬಾಗಿಲಲ್ಲೇ ತಡೆದರು. 'ಮಗು ಬರ್ತಾ ಇದೆ' ಎಂದರೆ, 'ನಿನಗೇನು ಗೊತ್ತು, ಸುಮ್ನೆ ಮಲಗು' ಎಂದರು. ಕೂಗಿಕೊಂಡರೆ, 'ಗಂಡನ ಹತ್ತಿರ ಹೋಗುವಾಗ ನೋವಿರಲಿಲ್ವಾ?' ಎಂಬ ಮಾತು. ಹೆತ್ತ ಎಷ್ಟೋ ಹೆಂಗಸರು ಕೇಳಿಸಿಕೊಂಡಿರುವ ಮಾತಿದು.

ಜೋರ್ಡನ್ ಮುಂದೆ ಬರೆದ ಲೇಖನವೊಂದರಲ್ಲಿ ಅಮೆರಿಕದ ಆಸ್ಪತ್ರೆಯ ಹೆರಿಗೆಯೊಂದು ಬರುತ್ತದೆ. ಅವಳಿಗೆ ಮುಕ್ಕದೆ ಇರಲಾಗುತ್ತಿಲ್ಲ. ವೈದ್ಯರು ಬಂದು ಒಪ್ಪುವವರೆಗೆ ಮುಕ್ಕುವಂತಿಲ್ಲ. ಅವಳ ಮೈ ಹೇಳುವುದು ಅಲ್ಲಿ ಲೆಕ್ಕಕ್ಕಿಲ್ಲ. ಒಂದು ಜಾಗದಲ್ಲಿ ಯಾವ ತಿಳುವಳಿಕೆ ಲೆಕ್ಕಕ್ಕೆ ಬರುತ್ತದೋ ಅದನ್ನು ಅವರು 'ಅಧಿಕೃತ ಜ್ಞಾನ' ಎಂದು ಕರೆದರು. ಅದು ಸರಿಯೋ ತಪ್ಪೋ ಎನ್ನುವುದು ಬೇರೆ ಪ್ರಶ್ನೆ. ಅಧಿಕಾರ ಅದರ ಕೈಯಲ್ಲಿರುತ್ತದೆ, ಅಷ್ಟೆ.

ಹಾಗೆಂದು ಮನೆಯ ಹೆರಿಗೆಯೇ ಮೇಲು ಎಂದು ಹಾಡಿ ಹೊಗಳುವುದನ್ನು ನಾನು ಒಪ್ಪಲಾರೆ. ಯುಕಟಾನಿನ ಚಿತ್ರ ಎಷ್ಟು ಆಪ್ತವಾಗಿದೆಯೆಂದರೆ ಓದುವವರ ಗಮನ ಅಪಾಯದ ಕಡೆಗೆ ಹೋಗುವುದೇ ಕಷ್ಟ. ಪುಸ್ತಕದ ಮಿತಿ ಇರುವುದು ಇಲ್ಲಿ. ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 2004-06ರಲ್ಲಿ 213 ತಾಯಂದಿರು ಸಾಯುತ್ತಿದ್ದರು. 2018-20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಆಸ್ಪತ್ರೆಯ ಹೆರಿಗೆ ಹೆಚ್ಚಿದ್ದು ಇದಕ್ಕೆ ಒಂದು ಮುಖ್ಯ ಕಾರಣ. ಹೆತ್ತಿರದ ಹುಡುಗಿಯರಿಗೆ ಹೆರಿಗೆಯ ವಿಷಯ ಹೇಳದೆ ಮುಚ್ಚಿಡುವ ಪದ್ಧತಿ ನಮ್ಮಂತೆ ಯುಕಟಾನಿನಲ್ಲೂ ಇತ್ತು. ಅದನ್ನು ಜೋರ್ಡನ್ ಅವರೇ ದಾಖಲಿಸಿದ್ದಾರೆ.

ನಮ್ಮ ಕಥೆಗಾರರೂ ಈ ಬಾಗಿಲಿನ ಹೊರಗೇ ನಿಂತವರು. ನಾನು ಓದಿದ ಎಷ್ಟೋ ಕಥೆಗಳಲ್ಲಿ ಗಂಡ ವರಾಂಡದಲ್ಲಿ ಅತ್ತಿಂದಿತ್ತ ಓಡಾಡುತ್ತಾನೆ, ಒಳಗಿನಿಂದ ಮಗುವಿನ ಅಳು ಕೇಳುತ್ತದೆ. ಒಳಗೆ ಅವಳಿಗೆ ಏನಾಯಿತು ಎನ್ನುವುದು ಕಥೆಗೆ ಬರುವುದೇ ಇಲ್ಲ.

ಕೇಂದ್ರ ಸರ್ಕಾರದ 'ಲಕ್ಷ್ಯ' ಕಾರ್ಯಕ್ರಮ 2017ರಲ್ಲೇ ಹೆರಿಗೆ ಕೋಣೆಯಲ್ಲಿ ಜೊತೆಗಾರರಿಗೆ ಜಾಗ ಕೊಟ್ಟಿದೆ. ಹೆರುವವಳು ಬಯಸಿದವರು ಅವಳ ಜೊತೆಗಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿತು. ಮಾತು ಕಾಗದದಲ್ಲೇ ಉಳಿಯದಿರಲು ದೊಡ್ಡ ಯಂತ್ರವೇನೂ ಬೇಡ. ಮಂಚಗಳ ನಡುವೆ ಒಂದು ಪರದೆ, ತಾಯಿ ಕೂರಲು ಒಂದು ಸ್ಟೂಲು, ಮತ್ತು ಹೆರುವವಳು 'ಮಗು ಬರ್ತಾ ಇದೆ' ಎಂದರೆ ಒಮ್ಮೆ ತಿರುಗಿ ನೋಡುವ ಮನಸ್ಸು ಸಾಕು.